ಮಗದುಮ್ ಸರ್‌ಗೆ ಎಷ್ಟು ಬೆರಳು

“ಮಗದುಮ್ ಸರ್ ಪಾಠ ಅಂದ್ರ ಪಾವರ್‌ಲೂಮ್ ಇದ್ದಂಗಲೇ. ಆವಾಜ ಭಾಳ, ಅರಿವಿ ಮಾತ್ರ ಕಾಣಾಂಗಿಲ್ಲ.”

ಅರವತ್ತೈದು, ಅರವತ್ತಾರನೆಯ ಇಸವಿಯ ಹೊತ್ತಿಗೆ ಕೊಲ್ಹಾಪುರದ ಒಂದು ಕಾಲೇಜಿನ ಎದುರಿನ ಚಹಾದಂಗಡಿಯಲ್ಲಿ ಈ ಮಾತು ಕೇಳದ ದಿನವಿರಲಿಲ್ಲ. ಹೇಳುತ್ತಿದ್ದವನು ಧನಪಾಲ. ಇಚಲಕರಂಜಿಯ ಮಗ್ಗದ ಮಾಲಕ ಬಾಪೂಸಾಹೇಬರ ಮಗ. ಸಂಖ್ಯಾಶಾಸ್ತ್ರದ ತರಗತಿಯ ಹುಡುಗರೆಲ್ಲ ನಗುತ್ತಿದ್ದರು. ರಾಯಪ್ಪ ಮಾತ್ರ ಬಶಿಯಲ್ಲಿ ಚಹಾ ಸುರುವಿಕೊಂಡು ಸುಮ್ಮನೆ ಕುಡಿಯುತ್ತಿದ್ದ. ಅವನ ಅಪ್ಪ ಹಣಮಪ್ಪ ದುಡಿಯುತ್ತಿದ್ದದ್ದು ಅದೇ ಬಾಪೂಸಾಹೇಬರ ಶೆಡ್ಡಿನಲ್ಲಿ. ಅಪ್ಪನ ಬೆನ್ನು ಹಿಡಿದುಕೊಂಡ ದಿನ ರಾತ್ರಿ ಪಾಳಿಗೆ ನಿಲ್ಲುತ್ತಿದ್ದವನು ಇವನೇ. ಅಲ್ಲಿಂದ ನೇರವಾಗಿ ಎಸ್‌ಟಿ ಬಸ್ಸು ಹಿಡಿದು ಕಾಲೇಜಿಗೆ ಬರುತ್ತಿದ್ದ, ತಲೆಗೂದಲಲ್ಲಿ ಹತ್ತಿಯ ಎಳೆ ಹಾಗೇ ಇರುತ್ತಿತ್ತು.

ಪ್ರೊಫೆಸರ್ ಪರಪ್ಪ ಭೀಮಗೊಂಡ ಮಗದುಮ್ ಅವರ ಬಾಳನ್ನು ಬರೆಯುವಾಗ ಮೊದಲು ಈ ನಗೆಯನ್ನೇ ಬರೆಯಬೇಕು. ಮಾಸ್ತರನೆಂದರೆ ಮಕ್ಕಳೆಲ್ಲ ಸಾಲುಗಟ್ಟಿ ಕಾಲು ಮುಟ್ಟುವ ದೇವರು ಎಂದು ನಂಬಿದವರು ಇಲ್ಲಿಗೇ ಓದು ನಿಲ್ಲಿಸಿದರೂ ಬೇಸರವಿಲ್ಲ. ಮಗದುಮ್ ಸರ್ ದೇವರಾಗಿರಲಿಲ್ಲ. ಒಳ್ಳೆಯ ಮಾಸ್ತರರೂ ಆಗಿರಲಿಲ್ಲ, ಆಗ. ಮುಖ ಕರಿಹಲಗೆಗೆ, ಬೆನ್ನು ಹುಡುಗರಿಗೆ. ಬಲಗೈ ಬರೆಯುತ್ತ ಹೋದರೆ ಎಡಗೈ ಒರೆಸುತ್ತ ಬರುತ್ತಿತ್ತು. ಉಳಿದ ಪ್ರೊಫೆಸರರೆಲ್ಲ ಕುರ್ಚಿಯಲ್ಲಿ ಕೂತು ನೋಟ್ಸ್ ಹೇಳಿ ಬರೆಸುತ್ತಿದ್ದರು, ಹುಡುಗರು ಅದನ್ನೇ ಉರು ಹೊಡೆದು ಪರೀಕ್ಷೆ ದಾಟುತ್ತಿದ್ದರು. ಇವರು ಬರೆಸುತ್ತಿರಲಿಲ್ಲ.

“ನಾ ಹೇಳಿದ್ದ ಬರಕೊಂಡ ನೀವೇನ ಗಿಳಿ ಆಗವ್ರೇನ?” ಎಂದು ಕನ್ನಡದ ಹುಡುಗರನ್ನು ವರಾಂಡದಲ್ಲಿ ಬೈಯುತ್ತಿದ್ದರು. “ತಲಿ ಹಚ್ಚರಿ. ಯಾವನರ ಒಂದು ಲೆಕ್ಕಾ ತಂದ್ರ, ಎಷ್ಟ ಅಂತ ಮೊದಲ ಕೇಳಬ್ಯಾಡ್ರಿ. ಎಣಿಸಿದವ್ರ ಯಾರು ಅಂತ ಕೇಳ್ರಿ.”

ಈ ಮಾತನ್ನು ಅವರು ಪುಣೆಯ ಎಂ.ಎಸ್ಸಿ.ಯಲ್ಲಿ ಕಲಿತದ್ದಲ್ಲ. ಗಡಹಿಂಗ್ಲಜದ ದನದ ಪೇಟೆಯಲ್ಲಿ ಕಲಿತದ್ದು.

ಮಗದುಮ್‌ರ ಊರು ಆ ತಾಲೂಕಿನ ನೂಲ. ತಂದೆ ಭೀಮಗೊಂಡ ಹೊಲದವರು. ಒಂದು ವರ್ಷ ಎತ್ತು ಮಾರಲು ಮಗನನ್ನೂ ಕರೆದುಕೊಂಡು ಪೇಟೆಗೆ ಹೋದರು. ಅಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ದಲಾಲ ತನ್ನ ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಇಳಿಬಿಡುತ್ತಾನೆ. ಅದರ ಕೆಳಗೆ ಕೊಳ್ಳುವವನು ಅವನ ಕೈಯನ್ನು ಇಷ್ಟು ಬೆರಳಿನಿಂದ ಹಿಡಿದರೆ ಇಷ್ಟು ಬೆಲೆ. ಆಮೇಲೆ ದಲಾಲ ಅದೇ ವಲ್ಲಿಯ ಕೆಳಗೆ ಮಾರುವವನ ಕೈ ಹಿಡಿದು ಆ ಬೆಲೆ ತಿಳಿಸುತ್ತಾನೆ. ಸುತ್ತ ನೂರು ಜನ ನಿಂತರೂ ಯಾರಿಗೂ ಏನೂ ಕಾಣದು. ಎರಡೂ ಕೈ ಬಲ್ಲವನು ದಲಾಲ ಒಬ್ಬನೇ.

ಭೀಮಗೊಂಡರು ಎತ್ತು ಮಾರಿ ಬಂದರು. ಮುಂದೆ ಯಾರದೋ ಮದುವೆಯಲ್ಲಿ ಎತ್ತು ಕೊಂಡವನು ಊಟದ ಪಂಕ್ತಿಯಲ್ಲಿ ಅದರ ಗುಣ ಹೊಗಳುತ್ತ ಬೆಲೆಯನ್ನೂ ಬಾಯಿಬಿಟ್ಟ. ಇವರ ಕೈಗೆ ಬಂದದ್ದಕ್ಕಿಂತ ಅದು ಬಹಳ ಮೇಲಿತ್ತು. ನಡುವಿನದನ್ನು ದಲಾಲ ನುಂಗಿದ್ದ.

“ಹೋಗಿ ಕೇಳೂಣು ನಡಿ ಅಪ್ಪಾ,” ಎಂದ ಪರಪ್ಪ.

“ಏನಂತ ಕೇಳ್ಲಿ?” ಭೀಮಗೊಂಡರು ತಲೆ ಎತ್ತಲಿಲ್ಲ. “ವಲ್ಲಿ ಕೆಳಗಿನ ಮಾತ ಬಾಯಿಗಿ ತರಬಾರದು. ತಂದ್ರ ಮುಂದಿನ ಪ್ಯಾಟ್ಯಾಗ ನಮ್ಮ ದನ ಯಾರೂ ಮುಟ್ಟಾಂಗಿಲ್ಲ. ಉಣ್ಣು ಸುಮ್ಮ.”

ಮೋಸ ಹೋದವನೇ ಮೋಸದ ಗುಟ್ಟನ್ನು ಕಾಯುವುದು! ನಮ್ಮ ಸೀಮೆಯ ಮರ್ಯಾದೆ ಎಂದರೆ ಇದು. ಈ ಮರ್ಯಾದೆಯ ಮೇಲೆ ಎಷ್ಟು ಜನರ ಮಾಳಿಗೆ ಎದ್ದು ನಿಂತಿದೆ ಎಂಬುದನ್ನು ಗಡಹಿಂಗ್ಲಜದಿಂದ ಕೊಲ್ಹಾಪುರದವರೆಗೆ ಬಸ್ಸಿನ ಕಿಟಕಿಯಲ್ಲಿ ನೋಡುತ್ತ ಬರಬಹುದು.

ಪರಪ್ಪ ಓದಿದರು, ಪ್ರೊಫೆಸರಾದರು. ಆದರೆ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅರವತ್ತಾರರ ಬೇಸಿಗೆಯಲ್ಲಿ ಅವರ ಪ್ರೊಬೇಷನ್ ಮುಗಿಯುವುದಿತ್ತು. ಕಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ಎಂದು ತೀರ್ಮಾನಿಸುವವರು ಆಡಳಿತ ಮಂಡಳಿಯ ಅಧ್ಯಕ್ಷ ಕಾಕಾಸಾಹೇಬರು. ಬೆಲ್ಲದ ಪೇಟೆಯಲ್ಲಿ ರೈತರ ಮಾಲು ಮಾರಿಸಿ ದಲಾಲಿ ಪಡೆಯುವ ದೊಡ್ಡ ಅಡತಿ ಅಂಗಡಿಯವರು, ಬಾಪೂಸಾಹೇಬರ ವ್ಯವಹಾರದಲ್ಲಿ ಪಾಲುದಾರರು. ಇಷ್ಟರಲ್ಲಿ ಕಾಲೇಜಿನ ಒಳಪರೀಕ್ಷೆಯಲ್ಲಿ ಧನಪಾಲ ನಪಾಸಾದ. ಬಾಪೂಸಾಹೇಬರೇ ಕಾರಿನಲ್ಲಿ ಬಂದರು.

“ಸರ, ಹುಡುಗಂದು ಒಂದ್ಸಲ ನೋಡ್ರೆಲ್ಲಾ.”

“ನೋಡೇನ್ರಿ. ಪೇಪರಿನ್ಯಾಗ ಹೆಸರ ಬಿಟ್ರ ಏನೂ ಇಲ್ಲ.”

“ಹೆಸರ ಐತೆಲ್ಲಾ, ಮತ್ತೇನ ಬೇಕ್ರಿ?” ಎಂದು ಬಾಪೂಸಾಹೇಬರು ನಕ್ಕರು. ಮಗದುಮ್ ನಗಲಿಲ್ಲ.

ಮುಂದಿನ ವಾರ ಧನಪಾಲನ ಮುಂದಾಳುತನದಲ್ಲಿ ತರಗತಿಯೇ ಎದ್ದು ಹೊರಗೆ ಹೋಯಿತು. ‘ನೋಟ್ಸ್ ಪಾಹಿಜೇ’, ನೋಟ್ಸ್ ಬೇಕು, ಎಂದು ಮರಾಠಿಯಲ್ಲಿ ಕೂಗಿದರು. ಕೂಗಿನಲ್ಲಿ ಧನಪಾಲನ ಸೇಡಿತ್ತು, ಅದು ಎಲ್ಲರಿಗೂ ಗೊತ್ತು. ಆದರೆ ರಾಯಪ್ಪನೂ ಕೂಗಿದ. ಅವನ ಕೂಗು ನಿಜವಾದದ್ದು. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ತರಗತಿಯಲ್ಲಿ ಕಣ್ಣು ಎಳೆಯುತ್ತಿತ್ತು. ಎಚ್ಚರಾಗುವಷ್ಟರಲ್ಲಿ ಹಲಗೆ ಖಾಲಿ. ಬೇರೆ ವಿಷಯಗಳಲ್ಲಿ ಗೆಳೆಯರ ನೋಟ್ಸ್ ನಕಲು ಮಾಡಿ ನಿಭಾಯಿಸುತ್ತಿದ್ದ, ಇಲ್ಲಿ ನಕಲು ಮಾಡಲು ಯಾರ ಹತ್ತಿರವೂ ಏನೂ ಇರಲಿಲ್ಲ. ತಲೆ ಹಚ್ಚಿ ಎಂದು ಬೈಯುವ ಮಾಸ್ತರರಿಗೆ, ಆ ತಲೆ ರಾತ್ರಿಯಿಡೀ ಎಲ್ಲಿತ್ತು ಎಂದು ಕೇಳಲು ಹೊಳೆದೇ ಇರಲಿಲ್ಲ.

ಕಾಕಾಸಾಹೇಬರು ಪ್ರಾಚಾರ್ಯ ಬಾಬಾಸಾಹೇಬರ ಕೋಣೆಗೆ ಬಂದು ಕೂತರು. ಮಗದುಮ್‌ರನ್ನೂ ಕರೆಸಿದರು.

“ಹುಡುಗೂರನ್ನ ಕೇಳಿ ಬಿಡೂಣು. ಇವ್ರ ಕಲಿಸೂದ ಹೆಂಗೈತಿ ಅಂತ ಅವ್ರ ಹೇಳ್ಲಿ. ಆದ್ರ ಬಾಯಿಲೆ ಕೇಳಿದ್ರ ಮಾಸ್ತರಗ ಅಂಜತಾವ. ಬರದ ಕೊಡ್ರಿ ಅಂದ್ರ ಅಕ್ಷರಾ ಗುರ್ತ ಹತ್ತತೈತಿ. ವಲ್ಲಿ ಹಾಕೂಣು.”

ಬಾಬಾಸಾಹೇಬರು ಹಾಸ್ಯವೆಂದು ನಗತೊಡಗಿದರು. ಕಾಕಾಸಾಹೇಬರ ಮುಖ ನೋಡಿ ನಗೆಯನ್ನು ಕೆಮ್ಮಾಗಿ ತಿರುಗಿಸಿದರು.

“ಐದ ಬೊಟ್ಟ ಹಿಡದ್ರ ಉತ್ತಮ, ಒಂದ ಹಿಡದ್ರ ಕೆಟ್ಟದ್ದು. ಯಾರ ಎಷ್ಟ ಕೊಟ್ರು ಮಾಸ್ತರಗ ಕಾಣಾಂಗಿಲ್ಲ, ಬಾಜೂಕಿನ ಹುಡುಗಗೂ ಕಾಣಾಂಗಿಲ್ಲ. ಇದಕ್ಕಿಂತ ನ್ಯಾಯ ಯಾವುದೈತಿ?”

“ನಿಮಗ ಒಬ್ರಿಗೇ ಕಾಣತೈತೆಲ್ರೀ,” ಎಂದರು ಮಗದುಮ್.

ಬಾಬಾಸಾಹೇಬರು ಮೇಜಿನ ಮೇಲಿನ ಗಾಜಿನ ಗುಂಡನ್ನು ಎತ್ತಿ ಇಟ್ಟರು. “ಮಗದುಮ್, ಹುಡುಗರ ಅಭಿಪ್ರಾಯಕ್ಕ ನೀವು ಇಷ್ಟ ಅಂಜತೀರಂದ್ರ…”

ಎಂಥ ಗಂಟು ನೋಡಿ. ಮಾಸ್ತರ ಬೇಡವೆಂದರೆ ಅಂಜುಬುರುಕ, ಹೂಂ ಎಂದರೆ ಬಲಿ. ಮಗದುಮ್ ಬಾಯಿ ಮುಚ್ಚಿದರು. ತಂದೆ ಭೀಮಗೊಂಡರು ಮದುವೆಯ ಪಂಕ್ತಿಯಲ್ಲಿ ಮುಚ್ಚಿದ ಹಾಗೆಯೇ.

ಅಭಿಪ್ರಾಯ ಕೇಳುವ ದಿನ ಶನಿವಾರ ಎಂದಾಯಿತು. ಶುಕ್ರವಾರ ಬಾಪೂಸಾಹೇಬರು ಶೆಡ್ಡಿಗೆ ಬಂದು, ರಾಯಪ್ಪ ನಿಂತಿದ್ದ ಮಗ್ಗವನ್ನು ಕೈಯಾರೆ ನಿಲ್ಲಿಸಿದರು. ಅಕ್ಕಪಕ್ಕದ ಮಗ್ಗಗಳ ಸದ್ದಿನಲ್ಲಿ ಕಿವಿಯ ಹತ್ತಿರ ಬಾಯಿ ತಂದು ಮಾತಾಡಿದರು.

“ಕಾಯ್ ರೇ ರಾಯಪ್ಪಾ, ನಿಮ್ಮ ಮಾಸ್ತರ ನೋಟ್ಸ್ ಕೊಡಾಂಗಿಲ್ಲಂತ ನೀನೂ ಒದರೀಯಂತ?”

“ಹೌದ್ರಿ ಮಾಲಕ.”

“ಖರೇ ಇದ್ದದ್ದ ಹೇಳೂದಕ್ಕ ಏನ ಅಂಜಿಕಿ? ಒಂದ ಬೊಟ್ಟ. ಸಾಕು.” ಬೆನ್ನು ತಟ್ಟಿದರು. ಆಚೆ ನೋಯುವ ಬೆನ್ನನ್ನು ಕಂಬಕ್ಕೆ ಕೊಟ್ಟು ಕೂತಿದ್ದ ಹಣಮಪ್ಪನ ಕಡೆ ನೋಡಿ, “ನಿಮ್ಮಪ್ಪ ಭಾಳ ವರ್ಷದ ಮನಷ್ಯಾ ನಮ್ಮಲ್ಲಿ,” ಎಂದು ಹೋದರು.

ಇಚಲಕರಂಜಿಯ ಶಹಾಪುರದಲ್ಲಿ ರಾಯಪ್ಪನ ಮನೆ ಎಂದರೆ ಒಂದು ಕೋಣೆ. ತಾಯಿ ಚೆನ್ನವ್ವ ಬಾಗಿಲಲ್ಲಿ ಕೂತು ಮಗ್ಗದ ಲಾಳಿಗೆ ನೂಲಿನ ಕಂಡಿಕಿ ಸುತ್ತುತ್ತಿದ್ದಳು. ಹಣಮಪ್ಪ ಬಂದವನೇ ವಿಷಯ ತೆಗೆದ.

“ನಿಂಗ ಖರೇನ ಎಷ್ಟ ಅನಸ್ತೈತಿ?” ಚೆನ್ನವ್ವ ಮಗನನ್ನು ಕೇಳಿದಳು.

ರಾಯಪ್ಪ ಬೆರಳು ಮಡಿಚಿ ನೋಡಿಕೊಂಡ. “ಮೂರು.”

“ಎರಡ ನುಂಗಿ ಬಿಡು,” ಎಂದ ಹಣಮಪ್ಪ. “ಹೊಟ್ಟಿ ಏನ ಕೆಡಾಂಗಿಲ್ಲ.”

“ನೀವು ಹಿಂಗ ನುಂಗಿ ನುಂಗೇ ಈ ಖೋಲಿ ತುಂಬೇತಿ,” ಎಂದಳು ಚೆನ್ನವ್ವ. ಮತ್ತೆ ಕಂಡಿಕಿ ತಿರುಗಿಸತೊಡಗಿದಳು. ಬೆಳಿಗ್ಗೆ ರಾಯಪ್ಪ ಬಸ್ಸು ಹತ್ತುವಾಗಲೂ ಒಂದೋ ಮೂರೋ ಅವನಿಗೇ ಗೊತ್ತಿರಲಿಲ್ಲ.

ಕಾಲೇಜಿನ ಸಭಾಗೃಹದಲ್ಲಿ ಕಿಟಕಿಗಳನ್ನು ಮುಚ್ಚಿದ್ದರು, ಬೇರೆ ತರಗತಿಯವರು ಇಣುಕಬಾರದೆಂದು. ಒಳಗೆ ಧಗೆ. ಕಾಕಾಸಾಹೇಬರು ಕುರ್ಚಿಯಲ್ಲಿ ಕೂತು ಜರಿಯಂಚಿನ ಬಿಳಿ ವಲ್ಲಿಯನ್ನು ಬಲಗೈಮೇಲೆ ಇಳಿಬಿಟ್ಟಿದ್ದರು. ಪಕ್ಕದಲ್ಲಿ ಬಾಬಾಸಾಹೇಬರು. ಗೋಡೆಯ ಬದಿಯ ಬೆಂಚಿನ ಮೇಲೆ ಮಗದುಮ್, ಹುಡುಗರೆಲ್ಲರಿಗೂ ಕಾಣುವ ಹಾಗೆ. ಅಷ್ಟು ದಿನ ಬೆನ್ನು ತೋರಿಸಿದವರು ಅಂದು ಮುಖ ತೋರಿಸಿ ಕೂತಿದ್ದರು.

ಮೊದಲು ಧನಪಾಲ. ನಗುತ್ತ ಹೋಗಿ ಕೈ ಒಳಗೆ ಹಾಕಿದ.

“ಒಂದು,” ಎಂದರು ಕಾಕಾಸಾಹೇಬರು ಗಟ್ಟಿಯಾಗಿ.

ಮುಂದಿನವನು. “ಒಂದು.” ಮತ್ತೊಬ್ಬ. “ಒಂದು.” ಸಾಲಿನಲ್ಲಿದ್ದ ಪಿಸುಪಿಸು, ನಗೆ ಎಲ್ಲ ನಿಂತವು. ಕಾಕಾಸಾಹೇಬರ ದನಿ ಹರಾಜಿನ ದನಿಯಂತೆ ಒಂದೇ ಹದದಲ್ಲಿ ಬರುತ್ತಿತ್ತು.

ರಾಯಪ್ಪ ಸಾಲಿನ ಕೊನೆಗಿದ್ದ. ಅವನ ಮುಂದೆ ಅಲ್ಲಪ್ಪ, ನೂಲದ ಕಡೆಯ ರೈತರ ಹುಡುಗ. ಅವರ ಮನೆಯ ಬೆಲ್ಲ ಪ್ರತಿವರ್ಷ ಕಾಕಾಸಾಹೇಬರ ಅಂಗಡಿಗೇ ಬರುತ್ತಿತ್ತು. ಅಲ್ಲಪ್ಪ ಕೈ ಹಾಕಿದ, ತೆಗೆದ. “ಒಂದು.” ಅಲ್ಲಪ್ಪನ ಮುಖ ಕೆಂಪೇರಿತು. ಬಾಯಿ ತೆರೆದ. ಮುಚ್ಚಿದ. ತಲೆ ಬಗ್ಗಿಸಿ ಗೋಡೆಯ ಕಡೆ ನಡೆದ. ಅಲ್ಲಿ ಅವನಿಗಿಂತ ಮೊದಲೇ ಹೋಗಿ ನಿಂತಿದ್ದ ರೈತರ ಹುಡುಗರೂ ಹಾಗೆಯೇ ಕಾಲ್ಬೆರಳು ನೋಡುತ್ತ ನಿಂತಿದ್ದರು.

ಹಿಡಿದ ಬೆರಳು ಎಷ್ಟೇ ಇರಲಿ, ಕೂಗುವುದು ಒಂದೇ ಎಂದು ರಾಯಪ್ಪನಿಗೆ ಹೊಳೆಯಿತು. ಮಗದುಮ್‌ರಿಗಂತೂ ಹತ್ತನೆಯ ‘ಒಂದು’ ಕೇಳಿದಾಗಲೇ ತಿಳಿದಿತ್ತು. ಇಷ್ಟು ಹುಡುಗರು, ಎಲ್ಲರದೂ ಒಂದೇ ಅಭಿಪ್ರಾಯ ಎಂದರೆ ಯಾವ ಲೆಕ್ಕದಲ್ಲೂ ಕೂಡುವ ಮಾತಲ್ಲ. ಆದರೆ ಹುಡುಗರು ಹೇಳುವವರಲ್ಲ. ವಲ್ಲಿಯ ಕೆಳಗಿನ ಮಾತು ಬಾಯಿಗೆ ಬರಬಾರದು ಎಂಬುದನ್ನು ತಾಯ ಹಾಲಿನ ಜೊತೆ ಕುಡಿದವರು. ಕಾಕಾಸಾಹೇಬರು ಬೇರೆ ಏನನ್ನೂ ನಂಬದಿದ್ದರೂ ಇದೊಂದನ್ನು ನಂಬಿದ್ದರು. ಅವರ ತಪ್ಪು ಒಂದೇ. ರಾಯಪ್ಪನ ಮನೆಯಲ್ಲಿ ಎತ್ತೂ ಇರಲಿಲ್ಲ, ಬೆಲ್ಲವೂ ಇರಲಿಲ್ಲ. ಅವನಿಗೆ ಪೇಟೆಯ ಮರ್ಯಾದೆಯನ್ನು ಯಾರೂ ಕಲಿಸಿರಲಿಲ್ಲ.

ಅವನು ಕೈ ಹಾಕಿದ. ಕಾಕಾಸಾಹೇಬರ ಅಂಗೈ ಬೆವರಿತ್ತು. ಮೂರು ಬೆರಳಿನಿಂದ ಒತ್ತಿ ಹಿಡಿದ.

“ಒಂದು,” ಎಂದರು ಕಾಕಾಸಾಹೇಬರು.

ರಾಯಪ್ಪ ಕೈ ಬಿಡಲಿಲ್ಲ. ಹಿಡಿದ ಕೈಯನ್ನು ಹಾಗೇ ಮೇಲಕ್ಕೆ ಎತ್ತಿದ. ವಲ್ಲಿ ಜಾರಿ ನೆಲಕ್ಕೆ ಬಿತ್ತು. ಅಧ್ಯಕ್ಷರ ಕೈಯ ಸುತ್ತ ಹತ್ತಿಯ ಎಳೆ ಅಂಟಿದ್ದ ಮೂರು ಬೆರಳು ಎಲ್ಲರಿಗೂ ಕಂಡವು.

“ಇದು ಒಂದಾತೇನ್ರಿ ಸಾವಕಾರ?”

“ಬಿಡಲೇ ಕೈ!”

“ಬಿಡತೇನ್ರಿ. ಮೊದಲ ಎಣಸ್ರಿ.”

ಬಾಬಾಸಾಹೇಬರು ಎದ್ದು ನಿಂತರು. ಕಾಕಾಸಾಹೇಬರು ಕೈ ಕಿತ್ತುಕೊಂಡು ನಗಲು ನೋಡಿದರು. “ಮಗ್ಗದ ಹುಡುಗ, ವ್ಯವಹಾರ ಗೊತ್ತಿಲ್ಲ. ವಲ್ಲಿ ಮಾತ ಹೊರಗ ತರಬಾರದಂತ…”

“ಸರ್ ಅವ್ರ ಕಲಿಸ್ಯಾರ್ರಿ,” ಎಂದ ರಾಯಪ್ಪ. “ಎಣಿಸಿದವ್ರ ಯಾರು ಅಂತ ಕೇಳ್ರಿ ಅಂತ. ನಂಗ ಅದೊಂದ ತಿಳದೈತಿ, ಉಳದದ್ದೇನೂ ತಿಳದಿಲ್ಲ. ಅದಕ್ಕ ಮೂರು.”

ಗೋಡೆಯ ಕಡೆಯಿಂದ ಅಲ್ಲಪ್ಪ ಕೈ ಎತ್ತಿದ. ನಾಲ್ಕು ಬೆರಳು. ತುಟಿ ಬಿಚ್ಚಲಿಲ್ಲ, ಕೈ ಮಾತ್ರ ಮೇಲೆ. ಪಕ್ಕದವನು ಎತ್ತಿದ, ಎರಡು. ಇನ್ನೊಬ್ಬ, ನಾಲ್ಕು. ಒಂದೊಂದಾಗಿ ಕೈಗಳು ಎದ್ದವು. ಎರಡು, ಮೂರು, ಒಂದು, ಮತ್ತೆ ಒಂದು. ಧನಪಾಲನ ಕೈ ಕಿಸೆಯಲ್ಲೇ ಇತ್ತು. ಅವನದಂತೂ ನಿಜವಾದ ಒಂದೇ, ಅದಕ್ಕೆ ಯಾರ ತಕರಾರೂ ಇರಲಿಲ್ಲ.

ಕಾಕಾಸಾಹೇಬರು ಕಣ್ಣಾಡಿಸಿ ಹಿಡಿಯಲೊಂದು ಹುಲ್ಲುಕಡ್ಡಿ ಹುಡುಕಿದರು, ಸಿಕ್ಕಿತು. “ನೋಡ್ರಿ ಪ್ರಾಚಾರ್ಯ. ಐದ ಒಬ್ಬನೂ ಕೊಟ್ಟಿಲ್ಲ!”

ಆಗ ಮಗದುಮ್ ಎದ್ದರು. ಎತ್ತಿದ ಕೈಗಳನ್ನೆಲ್ಲ ಆ ತುದಿಯಿಂದ ಈ ತುದಿಗೆ ನೋಡಿದರು. ಅವರ ಪಾಠದ ಬಗ್ಗೆ ಅಷ್ಟು ಸ್ಪಷ್ಟವಾಗಿ ಅವರಿಗೆ ಯಾರೂ ಎಂದೂ ಹೇಳಿರಲಿಲ್ಲ.

“ಐದ ಕೊಡಬಾರದು,” ಎಂದರು. “ಐದರ ಪಾಠಾ ನಾ ಮಾಡಿಲ್ಲ. ಆದ್ರ ಎಲ್ಲಾ ಒಂದೂ ಅಲ್ರಿ.” ಆಮೇಲೆ ರಾಯಪ್ಪನ ಕಡೆ ತಿರುಗಿ, “ಏನ ತಿಳದಿಲ್ಲ ನಿಂಗ?” ಎಂದು ಕೇಳಿದರು.

“ರಾತ್ರಿ ಪಾಳಿ ಮಾಡಿ ಬರತೇನ್ರಿ ಸರ್. ನಿದ್ದಿ ಬರತೈತಿ. ಎದ್ದ ನೋಡಿದ್ರ ಹಲಗಿ ವರಸಿರತೀರಿ. ನೀವ ನಮಗ ಕಲಸಾಂಗಿಲ್ರಿ, ಹಲಗಿಗೆ ಕಲಸತೀರಿ.”

ಯಾರೂ ನಗಲಿಲ್ಲ.

ಮಂಡಳಿ ಮುಂದಿನ ವಾರವೇ ಮಗದುಮ್‌ರನ್ನು ಕಾಯಂ ಮಾಡಿತು. ನ್ಯಾಯ ಗೆದ್ದಿತೆಂದು ಯಾರಾದರೂ ಹಿಗ್ಗಿದರೆ ಅವರಿಗೆ ಕಾಕಾಸಾಹೇಬರ ಗುರುತಿಲ್ಲವೆಂದು ಅರ್ಥ. ಆ ಹುಡುಗರ ಅಪ್ಪಂದಿರು ಬೆಲ್ಲ ತರುತ್ತಿದ್ದದ್ದು ಅವರ ಅಂಗಡಿಗೆ. ‘ಕಾಕಾಸಾಹೇಬರ ಎಣಿಕೆ ಸುಳ್ಳು’ ಎಂಬ ಮಾತು ಗಾಣಗಳವರೆಗೆ ಹೋದರೆ ಅಡತಿ ಅಂಗಡಿಗೆ ಬೀಗ. ಸುದ್ದಿಯನ್ನು ಕಾಲೇಜಿನಲ್ಲೇ ಹೂಳಬೇಕಿತ್ತು, ಹೂಳಲು ಮಗದುಮ್‌ರ ನೌಕರಿಯನ್ನು ಮೇಲೆ ಚಪ್ಪಡಿಯಂತೆ ಎಳೆದರು. ಬಾಬಾಸಾಹೇಬರು ಅಭಿನಂದನೆ ಹೇಳಿ ಪೇಡೆ ಹಂಚಿದರು. ಇವರೂ ಶಿಕ್ಷಣತಜ್ಞರೇ, ಸಭೆಗಳಲ್ಲಿ ಇಂದಿಗೂ ಹಾರ ಬೀಳುತ್ತದೆ.

ಹಣಮಪ್ಪನನ್ನು ಬಾಪೂಸಾಹೇಬರು ಶೆಡ್ಡಿನಿಂದ ತೆಗೆದರು. ಕಾರಣ ಕೇಳಿದ್ದಕ್ಕೆ, “ನಿನ್ನ ಮಗಾ ಎಣಿಕಿ ಭಾಳ ಕಲತಾನ. ಅವನ್ನ ಕೇಳು,” ಎಂದರಂತೆ.

ಸುದ್ದಿ ತಿಳಿದ ಭಾನುವಾರ ಮಗದುಮ್ ಶಹಾಪುರಕ್ಕೆ ಬಂದರು. ಬಾಗಿಲಲ್ಲಿ ಚೆನ್ನವ್ವ. ಮುಂದೆ ಕಂಡಿಕಿಯ ರಾಟಿ ಇತ್ತು, ಸುತ್ತಲು ನೂಲು ಇರಲಿಲ್ಲ.

“ಬಾಯಾರೀ, ನನ್ನ ಸಲುವಾಗಿ ನಿಮಗ ಭಾಳ ತ್ರಾಸ ಆತು. ನಾ ಹ್ಯಾಂಗ ಇದನ್ನ…”

“ಹ್ಯಾಂಗೂ ಬ್ಯಾಡ್ರಿ,” ಎಂದಳು ಚೆನ್ನವ್ವ. “ನಿಮ್ಮ ನೌಕರಿ ಉಳೀತು, ನಮ್ಮ ಮಗ್ಗ ಹೋತು. ಮಗ್ಗ ಮತ್ತೊಂದ ಕಡೆ ಸಿಗತಾವ್ರಿ, ಊರ ತುಂಬ ಅದಾವ. ಇನ್ನರ ಹುಡುಗೂರಿಗಿ ತಿಳಿಯೂ ಹಂಗ ಕಲಸ್ರಿ. ನೀವು ಕಾಯಂ ಆಗಿ ಹಲಗಿಗೇ ಕಲಸಿದ್ರ, ನಮ್ಮ ರಾಯಪ್ಪ ಕೈ ಎತ್ತಿದ್ದು ಯಾವ ಪುರುಷಾರ್ಥಕ್ರಿ?”

ಇಂಥ ಮಾತು ಕೇಳಿ ಎದ್ದು ಹೋಗುವ ಪ್ರೊಫೆಸರರನ್ನು ನಾನು ಬಹಳ ಕಂಡಿದ್ದೇನೆ. ಮಗದುಮ್ ಅಲ್ಲೇ ಹೊಸ್ತಿಲ ಮೇಲೆ ಕೂತರು. “ಯಾವ ಹೊತ್ತಿನ್ಯಾಗ ನಿಂಗ ನಿದ್ದಿ ಬರಾಂಗಿಲ್ಲೋ?” ಎಂದು ರಾಯಪ್ಪನನ್ನು ಕೇಳಿದರು. ಭಾನುವಾರ ಮಧ್ಯಾಹ್ನ ವಿದ್ಯುತ್ತು ಇಲ್ಲದೆ ಊರಿನ ಮಗ್ಗಗಳು ನಿಲ್ಲುತ್ತವೆ, ಆಗ ಎಂದ ರಾಯಪ್ಪ. ಆ ಹೊತ್ತೇ ಗಟ್ಟಿಯಾಯಿತು. ಬರುಬರುತ್ತ ಪಾಳಿಯ ಹುಡುಗರೆಲ್ಲ ಆ ಬಾಗಿಲಿಗೆ ಸೇರತೊಡಗಿದರು. ಹಲಗೆ ಇರಲಿಲ್ಲ, ಆದ್ದರಿಂದ ಮಾಸ್ತರರು ಮುಖ ನೋಡಿಯೇ ಮಾತಾಡಬೇಕಾಯಿತು. ಕೊನೆಗೆ ಒಂದಿಷ್ಟು ಬರೆಸುತ್ತಲೂ ಇದ್ದರು. ಹಣಮಪ್ಪನಿಗೆ ಬೇರೆ ಶೆಡ್ಡಿನಲ್ಲಿ ಕೆಲಸ ಸಿಗಲು ಮಳೆಗಾಲ ಬಂತು. ಅಲ್ಲಿಯವರೆಗೆ ಆ ಮನೆ ಹೇಗೆ ನಡೆಯಿತು ಎಂಬುದನ್ನು ಮಂಡಳಿಯ ಯಾವ ಸಭೆಯೂ ಕೇಳಲಿಲ್ಲ.

ರಾಯಪ್ಪ ಅಂತಿಮ ಪರೀಕ್ಷೆ ಪಾಸಾದ ಸುದ್ದಿ ತಂದ ದಿನ ಮಗದುಮ್ ಅದೇ ಹೊಸ್ತಿಲ ಮೇಲಿದ್ದರು. “ಈಗ ಎಷ್ಟೋ?” ಎಂದು ಕೇಳಿದರು.

ರಾಯಪ್ಪ ಕೈ ಎತ್ತಿದ. ನಾಲ್ಕು.

“ಐದ ಯಾಕಿಲ್ಲ?”

“ಸಿಟ್ಟ ಬಂದ್ರ ಇನ್ನೂ ಗಿಳಿ ಅಂತೀರಿ, ಸರ್.”

ಒಳಗಿನಿಂದ ಚೆನ್ನವ್ವ, “ನಾಕಕ್ಕ ಚಾ ಕುಡದ ಹೋಗ್ರಿ ಮಾಸ್ತರ. ಐದ ಆದ ದಿನಾ ಹೋಳಗಿ ಮಾಡತೇನಿ,” ಎಂದಳು. ಮಗದುಮ್ ಬಶಿಗೆ ಕೈ ಚಾಚಿದರು.